ತಾರೀಖು ಗೊತ್ತಿಲ್ಲದ ಹಣ

ಮನೆಯ ಯಜಮಾನಿಗೆ ರಾಜ್ಯ ಸರ್ಕಾರ ತಿಂಗಳಿಗೆ ಎರಡು ಸಾವಿರ ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಗೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ದೊರೆತ ಮೇಲೆ, ಮೊಬೈಲಿಗೆ ಬಂದ ಸಂದೇಶ ಓದಿ ಹೇಳುವುದೂ ನನ್ನ ಕೆಲಸಗಳಲ್ಲಿ ಒಂದಾಯಿತು. ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ, ಅಂದರೆ ಗ್ರಂಥಾಲಯದ, ಮೇಲ್ವಿಚಾರಕಿ ನಾನು. ಮಕ್ಕಳು ಕಥೆ ಪುಸ್ತಕಕ್ಕೆ ಬರುತ್ತಾರೆ, ಕೆಲಸ ಹುಡುಕುವ ಹುಡುಗರು ಪರೀಕ್ಷೆಯ ಮಾಸಪತ್ರಿಕೆಗಳಿಗೆ ಬರುತ್ತಾರೆ. ಅವರ ತಾಯಂದಿರು, ಅಜ್ಜಿಯರು ಬಾಗಿಲಲ್ಲೇ ನಿಂತು ಸೆರಗಿನ ಗಂಟಿನಿಂದ ಮೊಬೈಲ್ ತೆಗೆದು ‘ರೊಕ್ಕ ಬಂದಿದೆಯೇನು ನೋಡವ್ವ’ ಎನ್ನುತ್ತಾರೆ. ಸಂದೇಶ ಇಂಗ್ಲಿಷಿನಲ್ಲಿರುತ್ತದೆ. ರೀಚಾರ್ಜ್ ಮುಗಿಯಿತು ಎಂಬ ಸಂದೇಶವನ್ನೇ ಹಣ ಬಂದ ಸುದ್ದಿ ಎಂದುಕೊಂಡು ಬಿಸಿಲಲ್ಲಿ ಓಡಿಬಂದವರಿದ್ದಾರೆ. ಅವರಿಗೆ ‘ಇದು ಅದಲ್ಲ’ ಎಂದು ಹೇಳುವ ಕೆಲಸ ನನಗೆ ಇಂದಿಗೂ ರೂಢಿಯಾಗಿಲ್ಲ.

ನಾನು ಹೇಳಹೊರಟಿರುವುದು 2025ರ ಬೇಸಿಗೆಯ ಒಂದು ಸೋಮವಾರದ ಸಂಗತಿ. ಕಂತು ಬಾರದೆ ಬಹಳ ದಿನಗಳಾಗಿದ್ದವು. ಬೆಳಿಗ್ಗೆ ಕೇಂದ್ರದ ಬೀಗ ತೆಗೆಯುವ ಮುನ್ನವೇ ಕಟ್ಟೆಯ ಮೇಲೆ ಹೆಂಗಸರು ಕುಳಿತಿದ್ದರು. ಮೊದಲು ಮೊಬೈಲ್ ಚಾಚಿದವಳು ನಮ್ಮ ಓಣಿಯ ದೊಡ್ಡವ್ವ. ಓದಿದೆ. ಬಂದಿತ್ತು. ಎರಡು ಸಾವಿರ ರೂಪಾಯಿ ಜಮೆಯಾಗಿತ್ತು.

ದೊಡ್ಡವ್ವನ ಮನೆಯಲ್ಲಿ ಐದು ಜನ. ಎರಡು ಎಕರೆ ಮಸಾರಿ ಹೊಲ, ಮಳೆ ಬಂದರೆ ಸಜ್ಜೆ, ಹೆಸರು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರಲ್ಲ, ಆ ವರ್ಷ ಹೊಲದಿಂದ ಬಿತ್ತಿದ ಬೀಜವೂ ತಿರುಗಿ ಬರಲಿಲ್ಲ. ಸುಗ್ಗಿ ಮುಗಿದೊಡನೆ ಮಗ, ಸೊಸೆ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗುವುದು ಆ ಮನೆಯ ಪದ್ಧತಿಯಾಗಿತ್ತು. ದೊಡ್ಡ ಮೊಮ್ಮಗಳನ್ನೂ ಕರೆದೊಯ್ಯುತ್ತಿದ್ದರು, ಅಲ್ಲಿ ತಮ್ಮನನ್ನು ನೋಡಿಕೊಳ್ಳಲು. ಕಳೆದೆರಡು ವರ್ಷಗಳಿಂದ ಮಗನೊಬ್ಬನೇ ಹೋಗುತ್ತಿದ್ದಾನೆ. ಸೊಸೆ ಊರಲ್ಲೇ ಉಳಿದು ಉದ್ಯೋಗ ಖಾತ್ರಿಯ ಕೆರೆ ಹೂಳು ಎತ್ತುವ ಕೆಲಸಕ್ಕೆ ಹೋಗುತ್ತಾಳೆ. ಕೂಲಿ 2025ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಮೊಮ್ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ, ಸಂಜೆ ನಮ್ಮ ಕೇಂದ್ರಕ್ಕೆ ಬರುತ್ತಾಳೆ. ಇದೆಲ್ಲ ಎರಡು ಸಾವಿರದಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಆದರೆ ‘ಇಬ್ಬರೂ ಹೋಗದಿದ್ದರೆ ಒಲೆ ಹೊತ್ತುವುದಿಲ್ಲ’ ಎಂಬ ಮಾತು ಆ ಮನೆಯಲ್ಲಿ ನಿಂತದ್ದು ಈ ಹಣ ಬರತೊಡಗಿದ ಮೇಲೆಯೇ.

ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವುದು ದೊಡ್ಡವ್ವನ ಹೆಸರು. ಹಾಗಾಗಿ ಹಣವೂ ಅವಳ ಖಾತೆಗೆ. ಮೊದಲ ಕಂತು ಬಂದಾಗ ಸೊಸೆಗೂ ಅವಳಿಗೂ ಮಾತು ಬಿಟ್ಟುಹೋಗಿತ್ತು. ದುಡಿಯುವವಳು ತಾನು, ಮಕ್ಕಳ ಫೀಜು ಕಟ್ಟುವವಳು ತಾನು, ಹಣ ಮಾತ್ರ ಅತ್ತೆಗೆ ಎಂಬುದು ಸೊಸೆಯ ಸಂಕಟ. ‘ನನ್ನ ಹೆಸರಿಗೆ ಹುಟ್ಟಿದಾರಭ್ಯ ಒಂದು ರೂಪಾಯಿ ಬಂದಿರಲಿಲ್ಲ’ ಎಂಬುದು ಅತ್ತೆಯ ಉತ್ತರ. ಇಬ್ಬರ ಮಾತೂ ನಿಜ. ಈಗ ಒಂದು ಒಪ್ಪಂದಕ್ಕೆ ಬಂದಿದ್ದಾರೆ: ಎರಡು ಸಾವಿರ ಸಂಸಾರಕ್ಕೆ, ದೊಡ್ಡವ್ವನ ಸಂಧ್ಯಾ ಸುರಕ್ಷಾ ಪಗಾರ 1,200 ಅವಳ ಗುಳಿಗೆಗೆ, ಎಲೆ ಅಡಿಕೆಗೆ, ಮೊಮ್ಮಕ್ಕಳ ಕೈಗೆ. ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಕೊಡುತ್ತಿದ್ದಾಗ ಐದು ಜನಕ್ಕೆ 850 ಬರುತ್ತಿತ್ತು. ಆ ಹಣದಲ್ಲಿ ಸೊಸೆ ಜೋಳ ಕೊಳ್ಳುತ್ತಿದ್ದಳು. ನಾವು ರೊಟ್ಟಿ ತಿನ್ನುವ ಜನ. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಯೇ ಬಂತು. ‘ಹೊಟ್ಟೆಗೇನೋ ಆಯಿತು, ಬಾಯಿಗೆ ಆಗಲಿಲ್ಲ’ ಎಂದು ಅವಳು ಹೇಳಿದಾಗ ನಾನು ತಲೆದೂಗಿದೆ. ಬಡವರ ನಾಲಗೆಗೂ ರುಚಿ ಇದೆ ಎಂಬುದನ್ನು ಲೆಕ್ಕ ಹಾಕುವವರು ಮರೆಯುತ್ತಾರೆ.

ಮಧ್ಯಾಹ್ನದ ಬಿಡುವಿನಲ್ಲಿ ದೊಡ್ಡವ್ವನ ಜೊತೆ ಬ್ಯಾಂಕ್ ಮಿತ್ರನ ಅಂಗಡಿಗೆ ಹೋದೆ. ಬ್ಯಾಂಕಿನ ಶಾಖೆ ಇರುವುದು ಹೋಬಳಿ ಊರಿನಲ್ಲಿ. ನಮ್ಮಲ್ಲಿ ಇರುವುದು ಹೆಬ್ಬೆಟ್ಟು ಒತ್ತುವ ಯಂತ್ರ, ಅದನ್ನು ಹಿಡಿದ ಹುಡುಗ. ಕಳೆ ಕಿತ್ತು, ಸಗಣಿ ಬಳಿದು, ಪಾತ್ರೆ ತಿಕ್ಕಿ ಸವೆದ ಬೆರಳುಗಳನ್ನು ಯಂತ್ರ ಗುರುತಿಸುವುದಿಲ್ಲ. ದೊಡ್ಡವ್ವ ಹೆಬ್ಬೆರಳು ಒತ್ತಿದಳು, ಆಗಲಿಲ್ಲ. ಕೈ ತೊಳೆದು ಬಂದಳು, ಆಗಲಿಲ್ಲ. ತಲೆಯ ಎಣ್ಣೆ ಸವರಿ, ಸೆರಗಿಗೆ ಒರೆಸಿ, ಬೇರೆ ಬೇರೆ ಬೆರಳು ಇಟ್ಟು ನೋಡಿದ ಮೇಲೆ ಎಡಗೈಯ ಒಂದು ಬೆರಳಿಗೆ ಯಂತ್ರ ಒಪ್ಪಿತು. ಹುಡುಗ ಎಂದಿನಂತೆ ಇಪ್ಪತ್ತು ರೂಪಾಯಿ ಹಿಡಿದುಕೊಂಡೇ ಕೊಟ್ಟ. ಹಾಗೆ ಹಿಡಿಯಬಾರದು ಎಂದು ನಾನು ಗಟ್ಟಿಯಾಗಿ ಹೇಳಿ ವಾಪಸ್ ಕೊಡಿಸಿದೆ. ಸಾಲಿನಲ್ಲಿದ್ದವರಿಗೂ ಅಂದು ಪೂರ್ತಿ ಹಣ ಸಿಕ್ಕಿತು. ನಾನಿಲ್ಲದ ದಿನ ಏನಾಗುತ್ತದೆಯೋ ಊಹಿಸಬಹುದು.

ಅದೇ ಸಾಲಿನಲ್ಲಿ ಇಪ್ಪತ್ತಾರು ಇಪ್ಪತ್ತೇಳರ ಹೆಂಗಸೊಬ್ಬಳಿದ್ದಳು. ತಿಂಗಳುಗಳಿಂದ ಅವಳಿಗೆ ಹಣವೇ ಬಂದಿರಲಿಲ್ಲ. ಪಾಸ್‌ಬುಕ್ ಖಾಲಿ. ಕಚೇರಿಯಲ್ಲಿ ಕೇಳಿದರೆ ‘ನಿಮಗೆ ಹೋಗಿದೆ’ ಎಂಬ ಉತ್ತರ. ಅತ್ತೆ ಮನೆಯವರು ಅವಳೇ ಮುಚ್ಚಿಟ್ಟಿದ್ದಾಳೆ ಎಂದು ಅನುಮಾನಿಸತೊಡಗಿದ್ದರು. ಅವಳ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ನೋಡಪ್ಪ ಎಂದು ಹುಡುಗನಿಗೆ ಹೇಳಿದೆ. ನೋಡಿದರೆ ಬೇರೆಯೇ ಬ್ಯಾಂಕಿನ ಹೆಸರು ಬಂತು. ಅವಳಿಗೆ ನೆನಪಾಯಿತು: ಗುಳೆ ಹೋಗಿದ್ದಾಗ ಬೆಂಗಳೂರಿನ ಕಟ್ಟಡದ ಹತ್ತಿರ ಕೂಲಿ ಜಮೆ ಮಾಡಲೆಂದು ಒಬ್ಬರು ಬಂದು ಎಲ್ಲರಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಖಾತೆ ತೆರೆದಿದ್ದರು. ಸರ್ಕಾರದ ನೇರ ಹಣ ಆಧಾರ್ ಕೊನೆಗೆ ಜೋಡಣೆಯಾದ ಖಾತೆಗೇ ಹೋಗುತ್ತದೆ. ಆ ಖಾತೆಯಲ್ಲಿ ಹದಿನಾಲ್ಕು ಸಾವಿರ ಇತ್ತು. ಅವಳು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಸಂತೋಷಕ್ಕೆ ಎಂದುಕೊಂಡೆ. ಅವಳು ಹೇಳಿದ್ದು ಬೇರೆ: ‘ಇದು ತಿಂಗಳು ತಿಂಗಳು ಬಂದಿದ್ದರೆ ಬೋರಮಾಳ ಒತ್ತೆ ಇಡುತ್ತಿರಲಿಲ್ಲ ಅಕ್ಕ.’ ಗಂಡನಿಗೆ ಕಾಮಾಲೆಯಾಗಿದ್ದಾಗ ತವರಿನವರು ಹಾಕಿದ್ದ ಬೋರಮಾಳವನ್ನು ಒತ್ತೆ ಇಟ್ಟಿದ್ದಳು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಅವಳದೇ ಹಣ ಒಂದು ಕಡೆ ಸುಮ್ಮನೆ ಬಿದ್ದಿತ್ತು, ಇನ್ನೊಂದು ಕಡೆ ಅವಳೇ ಬಡ್ಡಿ ಕಟ್ಟುತ್ತಿದ್ದಳು.

ಈ ಮಾತು ನನ್ನ ತಲೆಯಲ್ಲಿ ಕುಳಿತಿತು. ದೊಡ್ಡವ್ವನ ಜೊತೆ ಕಿರಾಣಿ ಅಂಗಡಿಗೆ ಹೋದಾಗ ಅದಕ್ಕೆ ಇನ್ನಷ್ಟು ಬಲ ಬಂತು. ಅವಳ ಉದ್ರಿ 1,140 ರೂಪಾಯಿ ಇತ್ತು. ಯೋಜನೆ ಶುರುವಾದ ಮೊದಲ ತಿಂಗಳುಗಳಲ್ಲಿ ಹಣ ಹೆಚ್ಚುಕಡಿಮೆ ಒಂದು ಲೆಕ್ಕದಲ್ಲಿ ಬರುತ್ತಿತ್ತು. ಆಗ ಸಾವುಕಾರರು ಅವಳಿಗೆ ರೊಕ್ಕದ ದರಕ್ಕೇ ಸಾಮಾನು ಬರೆದು ಕೊಡುತ್ತಿದ್ದರು, ‘ದೊಡ್ಡವ್ವ, ಇನ್ನೇನಾದರೂ ಬೇಕೇ’ ಎಂದು ಕೇಳುತ್ತಿದ್ದರು. ಕಂತುಗಳು ತಪ್ಪತೊಡಗಿದ ಮೇಲೆ ಎಣ್ಣೆಗೆ, ಬೇಳೆಗೆ ಉದ್ರಿ ದರ ಬೇರೆಯಾಯಿತು. ಸಾವಿರ ದಾಟಿದರೆ ಪುಸ್ತಕ ಮುಚ್ಚುತ್ತಾರೆ. ಅವರನ್ನೂ ನಾನು ದೂರಲಾರೆ, ಅವರಿಗೂ ಪೇಟೆಯಲ್ಲಿ ಕೊಡಬೇಕಾದ ಬಾಕಿ ಇರುತ್ತದೆ. ಆದರೆ ನನಗೆ ಸ್ಪಷ್ಟವಾಗಿ ಕಂಡದ್ದು ಇದು: ಹಣ ತಡವಾದರೂ ಮೊತ್ತ ಎರಡು ಸಾವಿರವೇ, ಆದರೆ ಅದು ಕೊಳ್ಳುವ ಸಾಮಾನು ಕಡಿಮೆಯಾಯಿತು. ಒಂದು ತಿಂಗಳು ಕಂತು ಬರಲಿಲ್ಲವೆಂದು ಸೊಸೆ ಓಣಿಯಲ್ಲಿ ಎರಡು ಸಾವಿರ ಕೈಗಡ ತಂದಿದ್ದಳು, ನೂರಕ್ಕೆ ಐದರಂತೆ ತಿಂಗಳಿಗೆ ನೂರು ರೂಪಾಯಿ ಬಡ್ಡಿ. ಅದು ವಾರದ ಸಾಲದ ಕಂತು ಕಟ್ಟಲು. ಮೈಕ್ರೋಫೈನಾನ್ಸ್‌ನವರ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂದ ಮೇಲೆ ವಸೂಲಿಗೆ ಬರುವವರ ದನಿ ತಗ್ಗಿದೆ, ನಿಜ. ಕಂತು ತಗ್ಗಿಲ್ಲ.

ತಿರುಗಿ ಬರುವಾಗ ಚಹಾದಂಗಡಿಯ ಮುಂದೆ ಕುಳಿತಿದ್ದ ದೊಡ್ಡ ಹಿಡುವಳಿದಾರರೊಬ್ಬರು ದೊಡ್ಡವ್ವನ ಕೈಚೀಲ ನೋಡಿ, ‘ಪುಕ್ಕಟೆ ರೊಕ್ಕ ಕೊಟ್ಟು ಜನರನ್ನು ಮೈಗಳ್ಳರನ್ನಾಗಿ ಮಾಡಿದರು, ಹೊಲದ ಕಸ ತೆಗೆಯಲು ಆಳು ಸಿಗುವುದಿಲ್ಲ’ ಎಂದರು. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅವರ ಹೊಲಕ್ಕೆ ಆಳು ಸಿಗದಿರುವುದು ನಿಜ, ಏಕೆಂದರೆ ಅವರು ಕೊಡುವುದು ದಿನಕ್ಕೆ ಇನ್ನೂರು. ಮುಂಚೆ ಸಂಜೆಗೆ ಹಿಟ್ಟು ಬೇಕಾಗಿತ್ತು, ಕೊಟ್ಟಷ್ಟಕ್ಕೆ ಹೋಗುತ್ತಿದ್ದರು. ಈಗ ಮುನ್ನೂರು ಕೇಳುವ ಧೈರ್ಯ ಬಂದಿದೆ. 2011–12ರಲ್ಲಿ ಮಧ್ಯಪ್ರದೇಶದ ಇಂದೋರ್ ಭಾಗದ ಹಳ್ಳಿಗಳಲ್ಲಿ ‘ಸೇವಾ’ ಎಂಬ ದುಡಿಯುವ ಹೆಂಗಸರ ಸಂಘಟನೆ ಮತ್ತು ಯುನಿಸೆಫ್ ಸೇರಿ ಇಂಥದೇ ಒಂದು ಪ್ರಯೋಗ ನಡೆಸಿದ್ದವು. ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100 ರೂಪಾಯಿ, ಯಾವ ಷರತ್ತೂ ಇಲ್ಲದೆ. ಆಮೇಲೆ ಅದನ್ನು 300, 150ಕ್ಕೆ ಏರಿಸಿದರು. ಅಲ್ಲಿ ಜನ ಕೆಲಸ ಬಿಡಲಿಲ್ಲ. ಬೇರೆಯವರ ಕೂಲಿ ಬಿಟ್ಟು ಸ್ವಂತ ಹೊಲದಲ್ಲಿ ಹೆಚ್ಚು ದುಡಿದವರಿದ್ದರು, ಆಡು ಕೊಂಡವರಿದ್ದರು. ಇದನ್ನು ನಾನು ಆ ಹಿರಿಯರಿಗೆ ಹೇಳಿದೆ. ‘ಅದು ಅಲ್ಲಿ’ ಎಂದರು. ದೊಡ್ಡವ್ವ ಮಾತ್ರ ಚೀಲ ಇನ್ನೊಂದು ಕೈಗೆ ಬದಲಿಸಿಕೊಂಡು, ‘ಮುನ್ನೂರು ಕೊಡು, ನಾಳೆಯೇ ಸೊಸೆಯನ್ನು ಕಳಿಸುತ್ತೇನೆ’ ಎಂದಳು.

ಸಂಜೆ ಕೇಂದ್ರದ ಬಳಿ ಹೆಂಗಸರು ಮತ್ತೆ ಸೇರಿದರು. ಗಂಡ ಆಟೊ ಸಾಲಕ್ಕೆಂದು ಎಂದೋ ಐಟಿ ರಿಟರ್ನ್ಸ್ ಸಲ್ಲಿಸಿದ್ದಕ್ಕೆ ತೆರಿಗೆದಾರರ ಪಟ್ಟಿಗೆ ಸೇರಿ ಯೋಜನೆಯಿಂದ ಹೊರಗುಳಿದವಳೂ ಇದ್ದಳು. ಆಟೊ ಮಾರಿ ಹೋಗಿದೆ, ಪಟ್ಟಿ ಮಾತ್ರ ಬದಲಾಗಿಲ್ಲ. ಅವಳಿಗಾಗಿ ಬೇರೆ ಅರ್ಜಿ ಬರೆದೆ. ಉಳಿದವರದು ಒಂದೇ ಅರ್ಜಿ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ. ಏನು ಬರೆಯಲಿ ಎಂದು ಕೇಳಿದೆ. ಹಣ ಹೆಚ್ಚಿಸಿ ಎಂದು ಒಬ್ಬರೂ ಹೇಳಲಿಲ್ಲ. ಪ್ರತಿ ತಿಂಗಳು ಇಂಥ ತಾರೀಖಿಗೆ ಜಮೆ ಮಾಡಬೇಕು, ತಡವಾಗುವುದಾದರೆ ಎಷ್ಟು ತಡ ಎಂಬುದನ್ನು ಪಂಚಾಯಿತಿಯ ಫಲಕದಲ್ಲಿ ಬರೆಸಬೇಕು ಎಂದರು.

‘ಯಾವ ತಾರೀಖು ಎಂದು ಬರೆಯಲಿ?’

ಐದು ಎಂದಳು ಒಬ್ಬಳು, ವಾರದ ಸಾಲದ ಲೆಕ್ಕ ಹಿಡಿದು. ಒಂದನೆಯ ತಾರೀಖೇ ಇರಲಿ ಎಂದಳು ಇನ್ನೊಬ್ಬಳು. ದೊಡ್ಡವ್ವ ಒಪ್ಪಲಿಲ್ಲ. ‘ಹತ್ತು ಎಂದು ಬರೆ. ಸಾವುಕಾರರು ಪುಸ್ತಕ ತಿರುವಿ ಹಾಕುವುದು ಹತ್ತಕ್ಕೆ.’ ಸಾವುಕಾರರ ಪುಸ್ತಕದಲ್ಲಿ ಎಲ್ಲರ ಹೆಸರೂ ಇತ್ತು. ಹತ್ತನೆಯ ತಾರೀಖು ಎಂದೇ ಬರೆದು, ಸಹಿ ಬಲ್ಲವರಿಂದ ಸಹಿ, ಉಳಿದವರಿಂದ ಹೆಬ್ಬೆಟ್ಟು ಹಾಕಿಸಿಕೊಂಡೆ.