ಹೆಸರು ಬರುವ ಮೊದಲೇ

ಅಮೆರಿಕದಲ್ಲಿ ಹುಟ್ಟಿದ ಸೈಂಟಾಲಜಿ ಎಂಬ ಹೊಸ ಧಾರ್ಮಿಕ ಪಂಥದ ‘ಎಬಿಲಿಟಿ’ ಪತ್ರಿಕೆಯಲ್ಲಿ 1955ರಲ್ಲಿ ‘ಪ್ರಾಜೆಕ್ಟ್ ಸೆಲೆಬ್ರಿಟಿ’ ಎಂಬ ಪ್ರಕಟಣೆಯೊಂದು ಬಂದಿತ್ತು. ಅರ್ನೆಸ್ಟ್ ಹೆಮಿಂಗ್ವೇ, ವಾಲ್ಟ್ ಡಿಸ್ನಿ, ಗ್ರೇಟಾ ಗಾರ್ಬೋ, ಆರ್ಸನ್ ವೆಲ್ಸ್ ಮುಂತಾದ ಖ್ಯಾತನಾಮರ ಹೆಸರುಗಳನ್ನು ಪಟ್ಟಿ ಮಾಡಿ, ಇವರಲ್ಲಿ ಒಬ್ಬರನ್ನು ಆರಿಸಿಕೊಂಡು ಪಂಥಕ್ಕೆ ಕರೆತನ್ನಿರೆಂದು ಅನುಯಾಯಿಗಳಿಗೆ ಅದರಲ್ಲಿ ಕರೆ ಕೊಡಲಾಗಿತ್ತು. ಧರ್ಮಪ್ರಚಾರಕ್ಕಿಂತ ಬೇಟೆಯ ಭಾಷೆಯೇ ಅದರಲ್ಲಿ ಹೆಚ್ಚು. ನಾನು ಹೆಸರಿಸಿದ ನಾಲ್ವರಲ್ಲಿ ಯಾರೂ ಆ ಬಲೆಗೆ ಬೀಳಲಿಲ್ಲ.

ಹಾಗಿದ್ದರೂ ಹಾಲಿವುಡ್ ಎಂದೊಡನೆ ಈ ಪಂಥ ನೆನಪಾಗುವುದೇಕೆ? ನನಗೆ ತೋರುವಂತೆ, ಅದಕ್ಕೆ ಫಲ ಕೊಟ್ಟದ್ದು ಗೆದ್ದವರ ಬೇಟೆಯಲ್ಲ, ಇನ್ನೂ ಗೆಲ್ಲದವರೊಡನೆ ಬೆಳೆಸಿಕೊಂಡ ನಂಟು. 1969ರಲ್ಲಿ ಇವಾನ್ ಗಿಲ್ಲಮ್ ಎಂಬಾಕೆ ಲಾಸ್ ಏಂಜಲೀಸಿನಲ್ಲಿ ಕಲಾವಿದರಿಗಾಗಿ ‘ಸೆಲೆಬ್ರಿಟಿ ಸೆಂಟರ್’ ಆರಂಭಿಸಿದರು. ಹೆಸರಿನಲ್ಲಿ ಖ್ಯಾತಿ ಇದ್ದರೂ ಅಲ್ಲಿಗೆ ಬಂದವರಲ್ಲಿ ಅವಕಾಶಕ್ಕಾಗಿ ಅಲೆಯುತ್ತಿದ್ದವರೂ ಇದ್ದರು. ನಟ ಜಾನ್ ಟ್ರವೋಲ್ಟಾ 1975ರಲ್ಲಿ ಪಂಥವನ್ನು ಸೇರಿದಾಗ ಅವರನ್ನು ಮನೆಮಾತಾಗಿಸಿದ ಟಿವಿ ಧಾರಾವಾಹಿ ಇನ್ನೂ ತೆರೆಕಂಡಿರಲಿಲ್ಲ. ಚಿತ್ರಕಥೆಗಾರ, ನಿರ್ದೇಶಕ ಪಾಲ್ ಹ್ಯಾಗಿಸ್ ಸೇರಿದ್ದು ಕೆನಡಾದಲ್ಲಿ, ಆಸ್ಕರ್ ಪಡೆಯುವುದಕ್ಕೆ ಸುಮಾರು ಮೂವತ್ತು ವರ್ಷ ಮೊದಲು. ಟಾಮ್ ಕ್ರೂಸ್ ಮಾತ್ರ ತಾರೆಯಾದ ಮೇಲೆ ಬಂದವರು. ಅವರಿಗೂ ದಾರಿ ತೋರಿಸಿದ್ದು ಯಾವ ಪಟ್ಟಿಯೂ ಅಲ್ಲ, ಅವರ ಮೊದಲ ಪತ್ನಿ ಮಿಮಿ ರಾಜರ್ಸ್.

ನಟನ ಕಸುಬನ್ನು ನೆನೆದರೆ ಈ ಸೆಳೆತ ಅರ್ಥವಾಗುತ್ತದೆ. ಆಡಿಷನ್‌ಗಳಲ್ಲಿ ಕಾರಣ ಹೇಳದೆ ತಿರಸ್ಕರಿಸಲ್ಪಡುವುದೇ ಆತನ ದಿನಚರಿ. ಪಂಥದ ಆರಂಭದ ಪಾಠಗಳಲ್ಲೊಂದು, ಎದುರು ಕುಳಿತವರನ್ನು ವಿಚಲಿತರಾಗದೆ ದಿಟ್ಟಿಸುತ್ತಾ ಬಹಳ ಹೊತ್ತು ಸುಮ್ಮನೆ ಕೂರುವುದು. ಇದು ಅಭಿನಯ ತರಬೇತಿಯ ಅಭ್ಯಾಸಕ್ಕೆ ತೀರ ಹತ್ತಿರವಾದದ್ದು, ರಂಗದ ಮೇಲೆ ಉಪಯೋಗಕ್ಕೆ ಬಂದರೂ ಬರಬಹುದು. ಆಮೇಲೆ ‘ಆಡಿಟಿಂಗ್’: ಮೈಯ ವಿದ್ಯುತ್ ಪ್ರತಿರೋಧದ ಏರಿಳಿತವನ್ನು ಮುಳ್ಳಿನಿಂದ ತೋರಿಸುವ ‘ಇ-ಮೀಟರ್’ ಎಂಬ ಸಲಕರಣೆಗೆ ಜೋಡಿಸಿದ ಎರಡು ಲೋಹದ ಡಬ್ಬಿಗಳನ್ನು ಕೈಯಲ್ಲಿ ಹಿಡಿದು, ಮುಳ್ಳಿನ ಚಲನೆಯನ್ನು ಗಮನಿಸುವ ಆಡಿಟರನ ಪ್ರಶ್ನೆಗಳಿಗೆ ಉತ್ತರಿಸುತ್ತಾ ಹಳೆಯ ನೋವುಗಳನ್ನು ಹೇಳಿಕೊಳ್ಳುವುದು. ಯಾರೂ ತನ್ನನ್ನು ಕೇಳಿಸಿಕೊಳ್ಳದ ಊರಿನಲ್ಲಿ ಒಬ್ಬರು ಅಡ್ಡಮಾತಿಲ್ಲದೆ ಗಂಟೆಗಟ್ಟಲೆ ಕೇಳಿಸಿಕೊಂಡರೆ ಯಾರಿಗೆ ಹಿತವಾಗದು? ಆದರೆ ಹೇಳಿದ್ದೆಲ್ಲ ಟಿಪ್ಪಣಿಯಾಗಿ ಕಡತ ಸೇರುತ್ತದೆ, ಮೇಲಿನ ಹಂತಗಳಿಗೆ ಹೋದಂತೆ ಶುಲ್ಕವೂ ಏರುತ್ತದೆ. ಕೇಳಿಸಿಕೊಳ್ಳುವ ಕಿವಿಗೆ ಬೆಲೆ ಕಟ್ಟುವುದು ನನಗೆ ಅಷ್ಟು ದೊಡ್ಡ ಆಕ್ಷೇಪವಲ್ಲ, ಮನೋವೈದ್ಯರೂ ಶುಲ್ಕ ಪಡೆಯುತ್ತಾರೆ. ಆ ಕಡತ ಯಾರ ವಶದಲ್ಲಿರುತ್ತದೆ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ.

ಕಲಾವಿದನನ್ನು ಮುಖವಾಗಿಸಿಕೊಂಡ ಸಂಸ್ಥೆಗೆ ಆತನ ನಿರ್ಗಮನವನ್ನು ಮುಚ್ಚಿಡುವುದು ಕಷ್ಟ. ಹ್ಯಾಗಿಸ್ 2009ರಲ್ಲಿ ಹೊರಬಂದಾಗ ಅವರ ರಾಜೀನಾಮೆ ಪತ್ರವೇ ಸುದ್ದಿಯಾಯಿತು. ಬಾಲ್ಯದಿಂದಲೂ ಪಂಥದಲ್ಲೇ ಬೆಳೆದಿದ್ದ ನಟಿ ಲೇಯಾ ರೆಮಿನಿ 2013ರಲ್ಲಿ ಹೊರನಡೆದು, 2016ರಿಂದ ಟಿವಿಯಲ್ಲಿ ಪಂಥ ತೊರೆದ ಇತರರನ್ನು ಕೂರಿಸಿಕೊಂಡು ಅವರ ಕಥೆಗಳನ್ನು ಕೇಳತೊಡಗಿದರು.