ಕಡಲು ಇಲ್ಲೇ ಇರುವಾಗ ಇಷ್ಟೆಲ್ಲ ಪಂಪು, ಪೈಪು ಯಾಕೆ?

ಕುಂಬಳೆಯ ನಮ್ಮ ಮನೆಗೆ ಬಂದವರು ಮೊದಲು ಉಪ್ಪುನೀರಿನ ಅಕ್ವೇರಿಯಂನಲ್ಲಿರುವ ಮೀನು ನೋಡುತ್ತಾರೆ. ಆಮೇಲೆ ಬಗ್ಗಿ ಅಕ್ವೇರಿಯಂ ಕೆಳಗಿನ ಕಪಾಟಿನೊಳಗೆ ನೋಡುತ್ತಾರೆ. ಅಲ್ಲಿಂದ ತಲೆ ಎತ್ತಿದವರೆಲ್ಲ ಕೇಳುವುದು ಒಂದೇ: "ಕಡಲು ಇಲ್ಲೇ ಉಂಟಲ್ಲ ಮಾರಾಯ್ರೆ, ನಾಲ್ಕು ಕೊಡ ನೀರು ತಂದು ಹಾಕಿದ್ರೆ ಆಗುದಿಲ್ವಾ? ಇಷ್ಟೆಲ್ಲ ಯಾಕೆ?"

ನೀರು ತರಬಹುದು. ಬೇಸಿಗೆಯಲ್ಲಿ ದೋಣಿಯವರಿಗೆ ಹೇಳಿ ದೂರದಿಂದ ತರಿಸಿದ್ದೂ ಇದೆ. ಆದರೆ ದಂಡೆಯ ನೀರು ವರ್ಷವಿಡೀ ಒಂದೇ ತರ ಇರುವುದಿಲ್ಲ. ತೊಟ್ಟಿಯ ಕಡಲಜೀವಿಗಳಿಗೆ ಲೀಟರಿಗೆ 35 ಗ್ರಾಂ ಹತ್ತಿರ ಉಪ್ಪು ಬೇಕು. ಶಿರಿಯಾ ಹೊಳೆ ಕಡಲು ಸೇರುವ ಅಳಿವೆಯ ಪಕ್ಕ ಜುಲೈಯಲ್ಲಿ ಅಳೆದರೆ ನನಗೆ ಸಿಕ್ಕಿದ್ದು 20ಕ್ಕಿಂತ ಕಡಿಮೆ. ಜೊತೆಗೆ ಕೆಂಪು ಮಣ್ಣು. ಹಾಗಾಗಿ ಈಗ ಅಕ್ವೇರಿಯಂಗೆಂದೇ ಸಿಗುವ ಉಪ್ಪನ್ನು ಶುದ್ಧ ನೀರಿಗೆ ಕಲಸಿಕೊಳ್ಳುತ್ತೇನೆ.

ಆದರೆ ಕಡಲಿನ ನೀರನ್ನೇ ತಂದರೂ ಫಿಲ್ಟರ್ ತಪ್ಪುವುದಿಲ್ಲ. ಮೀನಿನ ಕಿವಿರಿನಿಂದ ಹಗಲೂ ರಾತ್ರಿ ಅಮೋನಿಯಾ ಹೊರಬರುತ್ತಲೇ ಇರುತ್ತದೆ. ಕಡಲಿನಲ್ಲಿ ಅದು ಎಲ್ಲಿ ಹೋಯಿತು ಅಂತ ಗೊತ್ತೇ ಆಗುವುದಿಲ್ಲ. ನನ್ನ ತೊಟ್ಟಿ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಸುಮಾರು 680 ಲೀಟರ್. ಮನೆಯೊಳಗೆ ಇದು ದೊಡ್ಡದು, ಮೀನಿಗೆ ಬಹಳ ಚಿಕ್ಕದು. ಉಪ್ಪುನೀರಿನ ಪಿಎಚ್ 8ಕ್ಕಿಂತ ಮೇಲೆ ಇರುವುದರಿಂದ ಅಮೋನಿಯಾ ಸಿಹಿನೀರಿಗಿಂತ ಇಲ್ಲಿ ಜಾಸ್ತಿ ವಿಷ.

ಈ ಅಮೋನಿಯಾವನ್ನು ತಿನ್ನುವುದು ಬ್ಯಾಕ್ಟೀರಿಯಾ. ಒಂದು ಬಗೆಯವು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟೇನೂ ವಿಷವಲ್ಲದ ನೈಟ್ರೇಟ್ ಮಾಡುತ್ತವೆ. ಅವು ತೂತುತೂತಾದ ಕಲ್ಲಿನೊಳಗೆ ಮನೆ ಮಾಡುತ್ತವೆ. ಹಿಂದೆ ಇದಕ್ಕೆ ಹವಳದ ಕಲ್ಲು ಹಾಕುತ್ತಿದ್ದರು. ದಯವಿಟ್ಟು ಅದನ್ನು ಯಾರ ಹತ್ತಿರವೂ ಕೇಳಬೇಡಿ. ಕಲ್ಲುಹವಳ, ಕಡಲ ಬೀಸಣಿಗೆ ಎಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯಲ್ಲಿ. ನಾನು ಹಾಕಿದ್ದು ಸೆರಾಮಿಕ್ ಕಲ್ಲು. ಬ್ಯಾಕ್ಟೀರಿಯಾ ನೆಲೆಯೂರಲು 4ರಿಂದ 6 ವಾರ ಬೇಕು. ಅಷ್ಟು ದಿನ ಖಾಲಿ ನೀರು ನೋಡುತ್ತಾ ಕೂರಬೇಕು. ಅವಸರ ಮಾಡಿದರೆ ಸಾಯುವುದು ಮೀನು.

ಎಲ್ಲಕ್ಕಿಂತ ಹೆಚ್ಚು ಜನ ಬೆರಳು ತೋರಿಸುವುದು ನೊರೆ ತುಂಬಿದ ಕೊಳವೆಗೆ. ಅದು ಪ್ರೋಟೀನ್ ಸ್ಕಿಮ್ಮರ್. ಮಳೆಗಾಲದಲ್ಲಿ ಕಡಲ ದಂಡೆಯಲ್ಲಿ ಹಳದಿ ನೊರೆ ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತದಲ್ಲ, ಗಾಳಿಗೆ ಹಾರಿ ಕಾಲಿಗೆ ಅಂಟುತ್ತದಲ್ಲ, ಅದೇ ಕೆಲಸ ಇದರದ್ದು. ಉಳಿದ ಆಹಾರ, ಮೀನಿನ ಮೈಯ ಲೋಳೆ ಇಂಥವುಗಳ ಕಣಗಳು ಗಾಳಿಗುಳ್ಳೆಯ ಮೈಗೆ ಅಂಟಿಕೊಂಡು ಮೇಲೇರುತ್ತವೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಸಾಸಿವೆಗಿಂತ ಸಣ್ಣದಾಗಿ ಉಳಿಯುತ್ತವೆ, ಬೇಗ ಒಂದಕ್ಕೊಂದು ಸೇರಿ ದೊಡ್ಡದಾಗುವುದಿಲ್ಲ. ಸಿಹಿನೀರಿನಲ್ಲಿ ಇದು ಸರಿಯಾಗಿ ನಡೆಯದೇ ಇರುವುದು ಅದಕ್ಕೇ. ಕೊಳವೆಯ ಮೇಲಿನ ಬಟ್ಟಲಿನಲ್ಲಿ ಎರಡು ದಿನಕ್ಕೆ ಕಷಾಯದ ಬಣ್ಣದ ನೀರು ತುಂಬುತ್ತದೆ. ವಾಸನೆ ತಡೆಯಲಾಗದು. ಆದರೆ ಅಷ್ಟೂ ಕೊಳೆ ಕೊಳೆತು ಅಮೋನಿಯಾ ಆಗುವ ಮೊದಲೇ ಹೊರಗೆ ಬಂತು ಅಂತ ನನಗೆ ಪ್ರತಿ ಸಲವೂ ಖುಷಿ.

ನೀರಿನ ಬಗ್ಗೆ ನಾನು ಕಲಿತದ್ದು ನೋವಿನಿಂದ. ನಮ್ಮ ಬಾವಿ ನೀರು ಕುಡಿಯಲು ಸಿಹಿ, ತೊಟ್ಟಿಗೆ ಮಾತ್ರ ಆರ್‌ಒ, ಡಿಐ (ಉಳಿದ ಲವಣಗಳನ್ನೂ ಹಿಡಿಯುವ ಶೋಧಕ) ಎರಡೂ ದಾಟಿಸಿಯೇ ಹಾಕುವುದು. ಒಮ್ಮೆ ಅದನ್ನು ತುಂಬಿಡಲು ಕೊಟ್ಟಿಗೆಯ ಹಿಂದಿದ್ದ ನೀಲಿ ಡ್ರಮ್ ತೊಳೆದು ತಂದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸಿದ್ದ ಡ್ರಮ್ ಅದು. ಆ ದ್ರಾವಣದಲ್ಲಿ ಇರುವುದು ಮೈಲುತುತ್ತು, ಮೈಲುತುತ್ತು ಅಂದರೆ ತಾಮ್ರ. ಎರಡು ದಿನದಲ್ಲಿ ಸಿಗಡಿಗಳೆಲ್ಲ ಮಗುಚಿ ಬಿದ್ದವು, ಬಸವನಹುಳುಗಳು ಗಾಜು ಬಿಟ್ಟು ತಳ ಸೇರಿದವು. ಮೀನಿಗೆ ಏನೂ ಆಗಲಿಲ್ಲ. ಹಾಗಾಗಿಯೇ ಕಾರಣ ತಿಳಿಯಲು ತಡವಾಯಿತು. ತೋಟ ಇರುವ ಮನೆಯವರು ದಯವಿಟ್ಟು ಹೊಸ ಡ್ರಮ್ಮೇ ತನ್ನಿ.

ಇನ್ನು ಕಪಾಟಿನೊಳಗಿನ ಸಂಪ್. ಮನೆ ಕಟ್ಟುವಾಗ ನೆಲದಡಿಯಲ್ಲಿ ಮಾಡುವ ಸಂಪಿನ ತಮ್ಮ ಅನ್ನಿ. ಮೇಲಿನ ತೊಟ್ಟಿಯಿಂದ ತುಂಬಿ ಹರಿದ ನೀರು ಪೈಪಿನಲ್ಲಿ ಇಳಿದು, ಬಟ್ಟೆ ಚೀಲದಲ್ಲಿ ಸೋಸಿ, ಸ್ಕಿಮ್ಮರ್ ದಾಟಿ, ಕೊನೆಯ ಕೋಣೆಯ ಪಂಪಿನಿಂದ ಮತ್ತೆ ಮೇಲೇರುತ್ತದೆ. ಆವಿಯಾಗಿ ಕಡಿಮೆಯಾಗುವ ನೀರು ಕಾಣುವುದೂ ಆ ಕೊನೆಯ ಕೋಣೆಯಲ್ಲೇ. ಉಪ್ಪು ಆವಿಯಾಗುವುದಿಲ್ಲ, ಹಾಗಾಗಿ ಅಲ್ಲಿಗೆ ಸಿಹಿನೀರನ್ನೇ ಸೇರಿಸಬೇಕು.

ಸಂಪ್ ಮಾಡಿಸುವ ಮೊದಲು ಒಂದು ಲೆಕ್ಕ ಹಾಕಿ. ನನ್ನ ತೊಟ್ಟಿಯಲ್ಲಿ ಒಂದು ಇಂಚು ನೀರು ಅಂದರೆ 28 ಲೀಟರ್. ಸಂಪ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅರ್ಧ ನೀರು ಇಟ್ಟರೆ ಖಾಲಿ ಉಳಿಯುವುದು 127 ಲೀಟರಿನ ಜಾಗ. ಕರೆಂಟು ಹೋಗಿ ಪಂಪು ನಿಂತಿತು ಅನ್ನಿ. ನೀರು ಮೇಲೆ ಕೊಡುವ ಪೈಪಿನ ಬಾಯಿ 5 ಇಂಚು ಮುಳುಗಿದ್ದರೆ, ಅದೇ ಪೈಪಿನಲ್ಲಿ ನೀರು ಹಿಂದಕ್ಕೆ ಇಳಿಯಲು ಶುರು. ಬಾಯಿಗೆ ಗಾಳಿ ಸಿಗುವ ತನಕ ನಿಲ್ಲುವುದಿಲ್ಲ. 140 ಲೀಟರ್ ಕೆಳಗೆ ಬರುತ್ತದೆ. ಉಳಿದದ್ದು ನೆಲಕ್ಕೆ.

ಇದಕ್ಕೆ ಮದ್ದು ಸುಲಭ. ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಆ ಪೈಪಿಗೆ ಒಂದು ಸಣ್ಣ ತೂತು. ನೀರು ಅಷ್ಟು ಇಳಿದ ಕೂಡಲೇ ಗಾಳಿ ಎಳೆದುಕೊಂಡು ಹರಿವು ತುಂಡಾಗುತ್ತದೆ. ಆದರೆ ಆ ತೂತಿಗೆ ಉಪ್ಪು ಕಟ್ಟುತ್ತದೆ, ಪಾಚಿ ಬೆಳೆಯುತ್ತದೆ. ತಿಂಗಳಿಗೊಮ್ಮೆ ಕಡ್ಡಿ ಹಾಕಿ ಬಿಡಿಸಲೇಬೇಕು. ತೊಟ್ಟಿಯ ನೀರು ಕಲಕುವ ಒಂದು ಚಿಕ್ಕ ಅಲೆಪಂಪನ್ನು ಇನ್ವರ್ಟರಿಗೆ ಕೊಟ್ಟಿದ್ದೇನೆ, ಕತ್ತಲಲ್ಲಿ ಮೀನಿಗೆ ಉಸಿರಾದರೂ ಇರಲಿ ಅಂತ.

ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ನಾನೇ ಪಂಪಿನ ಸ್ವಿಚ್ ಆರಿಸಿ ಸಂಪಿನ ಮುಂದೆ ಚಾಪೆ ಹಾಕಿ ಕೂರುತ್ತೇನೆ. ನೀರು ಏರುತ್ತದೆ, ಏರುತ್ತದೆ, ತೂತಿನಲ್ಲಿ ಗೊರಗೊರ ಸದ್ದು ಕೇಳುತ್ತದೆ. ಗಾಜಿನ ಮೇಲೆ ಹಾಕಿದ ಕೆಂಪು ಗೆರೆಗಿಂತ ಕೆಳಗೇ ನಿಂತರೆ ಸ್ವಿಚ್ ಹಾಕಿ ಏಳುತ್ತೇನೆ.