ಮಾಷ್ಟ್ರೇ, ಇನ್ನು ಯಾವುದು ಓದುವುದು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಬಸ್ಸು ತಿರುಗಿ ನಿಲ್ಲುವಲ್ಲಿ ನಮ್ಮೂರಿನ ಗ್ರಂಥಾಲಯವಿದೆ. ಕನ್ನಡ ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ವಾರದಲ್ಲಿ ನಾಲ್ಕು ಸಂಜೆ ನಾನು ಅಲ್ಲಿಯ ಮೇಜಿನ ಹಿಂದೆ ಕುಳಿತುಕೊಳ್ಳುತ್ತೇನೆ. ಬಂದವರು ಪುಸ್ತಕವನ್ನು ಮೇಜಿನ ಮೇಲಿಟ್ಟು, ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಮಾಷ್ಟ್ರೇ, ಇನ್ನು ಯಾವುದು ಓದುವುದು?" ಜೂನ್ 19ರ ವಾಚನ ದಿನದಿಂದ ಜುಲೈ 7ರವರೆಗೆ ನಡೆಯುವ ವಾಚನ ಪಕ್ಷಾಚರಣೆಯ ದಿನಗಳಲ್ಲಂತೂ ಮಕ್ಕಳೂ ಅವರ ತಾಯಂದಿರೂ ಸೇರಿ ಈ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಕೇಳುತ್ತಾರೆ. ಕಾದಂಬರಿ ಓದಲೋ, ಜೀವನಚರಿತ್ರೆ ಓದಲೋ, ವಿಜ್ಞಾನ ಓದಲೋ, ಅಥವಾ ಕಥೆಯನ್ನೆಲ್ಲ ಬಿಟ್ಟು "ಉಪಯೋಗಕ್ಕೆ ಬರುವಂಥದ್ದು" ಏನಾದರೂ ಓದಲೋ ಎಂಬುದು ಅದರ ಒಳಗಿರುವ ಗೊಂದಲ. ಒಬ್ಬೊಬ್ಬರಿಗೂ ತುಂಡುತುಂಡಾಗಿ ಹೇಳುತ್ತಾ ಬಂದದ್ದನ್ನು ಇಲ್ಲಿ ಒಮ್ಮೆಗೆ ಬರೆದಿಡುತ್ತಿದ್ದೇನೆ.

ಮೊದಮೊದಲು ನಾನು ಪಟ್ಟಿ ಕೊಡುತ್ತಿದ್ದೆ. ಇಪ್ಪತ್ತೈದು ಹೆಸರುಗಳನ್ನು ದುಂಡಗಿನ ಅಕ್ಷರದಲ್ಲಿ ಬರೆದು, ಪ್ರತಿ ಮಾಡಿಸಿ, ಗೋಡೆಗೆ ಕೂಡ ಅಂಟಿಸಿದ್ದೆ. ಒಂದು ವರ್ಷದ ಬಳಿಕ ವಿತರಣೆಯ ರಿಜಿಸ್ಟರ್ ತಿರುವಿ ನೋಡಿದರೆ ಆ ಪಟ್ಟಿಯಿಂದ ಹೊರಗೆ ಹೋದದ್ದು ನಾಲ್ಕೇ ಪುಸ್ತಕ; ಅವುಗಳಲ್ಲಿ ಎರಡು, ಕೊಂಡುಹೋದ ಎರಡನೆಯ ದಿನವೇ ಮರಳಿದ್ದವು. ಪಟ್ಟಿ ನನ್ನ ಓದಿನ ಮೆರವಣಿಗೆಯಾಗಿತ್ತೇ ಹೊರತು ಬಂದವರ ಹಸಿವಿಗೂ ಅದಕ್ಕೂ ಸಂಬಂಧವಿರಲಿಲ್ಲ. ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾಗಿದ್ದ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ಆಗ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದುದರಿಂದ ಆ ಸೂತ್ರಗಳು ನಮ್ಮವೂ ಹೌದು ಎಂದು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ. ಓದುಗನ ಸಮಯವನ್ನು ಉಳಿಸು ಎಂಬುದು ಅವರ ನಾಲ್ಕನೆಯ ಸೂತ್ರ. ಆದರೆ ಯಾವ ಓದುಗನಿಗೆ ಯಾವ ಪುಸ್ತಕದ ಸಮಯ ಬಂದಿದೆ ಎಂಬುದನ್ನು ತಿಳಿಯುವುದು ಹೇಗೆ? ನನ್ನ ಪಟ್ಟಿ ಎಡವಿದ್ದು ಅಲ್ಲಿಯೇ.

ಆದ್ದರಿಂದ ಈಗ ನಾನು ಉತ್ತರದ ಬದಲು ಒಂದು ಮರುಪ್ರಶ್ನೆ ಹಾಕುತ್ತೇನೆ: ಈಗ ತಂದು ಕೊಟ್ಟಿರಲ್ಲ, ಆ ಪುಸ್ತಕ ನಿಮಗೆ ಏನನ್ನು ಹೇಳದೆ ಬಿಟ್ಟಿತು? "ಚೆನ್ನಾಗಿತ್ತಾ?" ಎಂದು ಕೇಳಿದರೆ "ಹೌದು, ಪರವಾಗಿಲ್ಲ" ಎಂದು ಮಾತು ಮುಗಿಯುತ್ತದೆ. ಏನು ಉಳಿಯಿತು ಎಂದು ಕೇಳಿದರೆ ಮಾತ್ರ ಮನುಷ್ಯರು ಒಂದು ಕ್ಷಣ ಸುಮ್ಮನಾಗುತ್ತಾರೆ, ಆಮೇಲೆ ಬರುವ ಮಾತಿನಲ್ಲಿ ಮುಂದಿನ ಪುಸ್ತಕ ಇರುತ್ತದೆ. ಅದು ಯಾವ ಕಪಾಟಿನಲ್ಲಿದೆ, ಕಾದಂಬರಿಯದ್ದೋ ವಿಜ್ಞಾನದ್ದೋ ಎಂಬುದು ಆಮೇಲಿನ ವಿಚಾರ.

ಇದನ್ನು ನನಗೆ ಕಲಿಸಿದವರು ಒಬ್ಬರು ಅಡಿಕೆ ಕೃಷಿಕರು. ಅರುವತ್ತು ದಾಟಿದವರು, ತೋಟದ ಕುರಿತಾದ ಪುಸ್ತಕಗಳನ್ನೂ ಯಕ್ಷಗಾನ ಪ್ರಸಂಗಗಳನ್ನೂ ಬಿಟ್ಟರೆ ಬೇರೆ ಮುಟ್ಟಿದವರಲ್ಲ. "ಕಥೆ ಕಾದಂಬರಿ ಎಲ್ಲ ಸುಳ್ಳಲ್ವಾ ಮಾಷ್ಟ್ರೇ, ಇಲ್ಲದ ಮನುಷ್ಯರ ಕಥೆ ಓದಿ ನನಗೇನಾಗಬೇಕು?" ಎಂಬುದು ಅವರ ವಾದ. ರಾಮನೂ ರಾವಣನೂ ಮಾತಾಡುವ ಪ್ರಸಂಗ ಓದುವಾಗ ಈ ವಾದ ಎಲ್ಲಿ ಹೋಗುತ್ತದೆ ಎಂದು ನಾನು ಕೇಳಲಿಲ್ಲ. ಒಂದು ಆಟಿ ತಿಂಗಳಲ್ಲಿ, ತೋಟಕ್ಕೆ ಎರಡನೆಯ ಸಲದ ಮದ್ದು ಸಿಂಪಡಿಸಿ ಮುಗಿಸಿ, ಮಳೆ ಹಿಡಿದು ಕೆಲಸವಿಲ್ಲದೆ ಕುಳಿತಿದ್ದ ಅವರಿಗೆ ಶಿವರಾಮ ಕಾರಂತರ 'ಬೆಟ್ಟದ ಜೀವ'ವನ್ನು ಕೊಟ್ಟೆ. 1943ರ ಕಾದಂಬರಿ, ಕಾಡಿನ ನಡುವೆ ಅಡಿಕೆ ತೋಟ ಎಬ್ಬಿಸಿದ ಗೋಪಾಲಯ್ಯನ ಕಥೆ ಎಂದಷ್ಟೇ ಹೇಳಿದೆ. ತೋಟ ಎಂಬ ಶಬ್ದಕ್ಕೆ ಒಪ್ಪಿ ಕೊಂಡುಹೋದರು.

ನಮ್ಮಲ್ಲಿ ಹದಿನಾಲ್ಕು ದಿನದ ಗಡು. ಅವರು ಬಂದದ್ದು ತಿಂಗಳು ಕಳೆದು. ತಡವಾದದ್ದಕ್ಕೆ ದಂಡದ ನಾಣ್ಯಗಳನ್ನು ಮೊದಲೇ ಎಣಿಸಿ ಮೇಜಿನ ಮೇಲಿಟ್ಟು, ಪುಸ್ತಕವನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡಿದ್ದರು. ಒಂದು ಪುಟದ ಅಂಚಿನಲ್ಲಿ ಮೈಲುತುತ್ತಿನ ನೀಲಿ ಬಣ್ಣದ ಹೆಬ್ಬೆಟ್ಟಿನ ಗುರುತು ಬಿದ್ದಿತ್ತು. ಮೂರನೆಯ ಸಲದ ಮದ್ದಿನ ದಿನ, ಕೈ ಸರಿಯಾಗಿ ತೊಳೆಯದೆ ಓದಿದ್ದಿರಬೇಕು. ತೋಟದ ವಿವರ ಸರಿ ಇದೆ ಎಂದು ಮೊದಲು ಹೇಳಿದರು. ಆಮೇಲೆ ತುಸು ತಡೆದು ಕೇಳಿದರು: "ನೀವು ಗೊತ್ತಿದ್ದೇ ಕೊಟ್ಟದ್ದಾ?" ನನಗೆ ಅರ್ಥವಾಗಲಿಲ್ಲ. ಗೋಪಾಲಯ್ಯ ಮತ್ತು ಶಂಕರಮ್ಮ ಮನೆಬಿಟ್ಟು ಹೋದ ಮಗನಿಗಾಗಿ ಕಾಯುವ ಮುದುಕ-ಮುದುಕಿ. ಇವರ ಮಗ ಬೆಂಗಳೂರಿಗೆ ಹೋದವನು ಎರಡು ವರ್ಷದಿಂದ ಊರಿಗೆ ಬಂದಿಲ್ಲವೆಂಬುದು ಊರಿಗೆಲ್ಲ ತಿಳಿದಿದ್ದರೂ ನನಗೆ ತಿಳಿದಿರಲಿಲ್ಲ. ಹಾಗೆಂದು ಹೇಳಿದೆ. ನಂಬಿದರೋ ಇಲ್ಲವೋ. "ಮಗ ಬರುವುದನ್ನು ಬರೆಯಲೇ ಇಲ್ಲವಲ್ಲ, ಆ ಕಾರಂತರು ಎಂಥ ಮನುಷ್ಯ?" ಎಂದರು.

ಆ ಪ್ರಶ್ನೆ ಸಿಟ್ಟಿನಿಂದ ಬಂದದ್ದಿರಬಹುದು, ಆದರೂ ಅದು ಪ್ರಶ್ನೆಯೇ ಆಗಿತ್ತು. ಎಂಥ ಮನುಷ್ಯ ಎಂಬುದಕ್ಕೆ ಉತ್ತರ ಜೀವನಚರಿತ್ರೆಯ ಕಪಾಟಿನಲ್ಲಿತ್ತು. ಕಾರಂತರ ಆತ್ಮಕಥೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಕೊಟ್ಟು ಕಳಿಸಿದೆ. ಕಾದಂಬರಿಯನ್ನೇ ಓದದಿದ್ದವರು ಕಾದಂಬರಿಯ ದಾರಿಯಿಂದ ಆತ್ಮಕಥೆಗೆ ಬಂದರು. ಪುತ್ತೂರಿನಲ್ಲಿ ಎಷ್ಟೋ ಸಲ ಅಡಿಕೆ ಮಾರಲು ಹೋಗಿದ್ದವರಿಗೆ ಅದೇ ಪೇಟೆಯ ಬಾಲವನದಲ್ಲಿ ಈ ಮನುಷ್ಯ ದಶಕಗಳ ಕಾಲ ಬದುಕಿದ್ದರೆಂಬುದು ಪುಸ್ತಕ ಓದಿದ ಮೇಲೆಯೇ ತಿಳಿದದ್ದು.

ಇದರ ತಿರುವುಮುರುವಾದ ದಾರಿಯೂ ಉಂಟು. ಪದವಿ ತರಗತಿಯ ಒಬ್ಬಳು ಹುಡುಗಿ ಎಂಡೋಸಲ್ಫಾನ್ ಎಂಬ ಕೀಟನಾಶಕದ ಕುರಿತು ಪ್ರಾಜೆಕ್ಟ್ ಬರೆಯಲು ವರದಿಗಳನ್ನು ಹುಡುಕಿಕೊಂಡು ಬಂದಿದ್ದಳು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಮದ್ದು ಚಿಮುಕಿಸಿದ್ದು, ಪಡ್ರೆ ಎಂಬ ಊರಿನಲ್ಲಿ ವೈದ್ಯರೂ ಪತ್ರಕರ್ತರೂ ಅದರಿಂದ ಮಕ್ಕಳಿಗಾದ ಕಾಯಿಲೆಯನ್ನು ಮೊದಲು ಗುರುತಿಸಿ ಬರೆದದ್ದು, 2011ರ ಮೇ 13ರಂದು ಸುಪ್ರೀಂ ಕೋರ್ಟು ನಿಷೇಧ ಹೇರಿದ್ದು, ಎಲ್ಲವೂ ಅವಳ ಟಿಪ್ಪಣಿಯಲ್ಲಿ ದಿನಾಂಕ ಸಮೇತ ಇತ್ತು. ಏನು ಉಳಿಯಿತು ಎಂದು ಕೇಳಿದಾಗ ಅವಳು ಹೇಳಿದಳು: "ಸರ್, ಅಂಥ ಮಗು ಇರುವ ಮನೆಯಲ್ಲಿ ರಾತ್ರಿ ಹೇಗೆ ಕಳೆಯುತ್ತದೆ ಅಂತ ಯಾವ ರಿಪೋರ್ಟಿನಲ್ಲೂ ಇಲ್ಲ." ವರದಿಯ ತಪ್ಪಲ್ಲ ಅದು. ಎಷ್ಟು, ಯಾವಾಗ, ಯಾವ ಕಾರಣಕ್ಕೆ ಎಂಬುದನ್ನು ಹೇಳುವುದು ವರದಿಯ ಧರ್ಮ. ರಾತ್ರಿ ಹೇಗೆ ಕಳೆಯುತ್ತದೆ ಎಂಬ ಪ್ರಶ್ನೆ ಹುಟ್ಟಿದ ಕೂಡಲೇ ಓದುಗ ಕಥನದ ಬಾಗಿಲಿಗೆ ಬಂದು ನಿಂತಿರುತ್ತಾನೆ. ಅಂಬಿಕಾಸುತನ್ ಮಾಂಙಾಡ್ ಅವರ 2009ರ ಮಲಯಾಳಂ ಕಾದಂಬರಿಯ ಹೆಸರೇ 'ಎಣ್ಮಕಜೆ'. ನಮ್ಮ ನೆರೆಯ ಪಂಚಾಯತಿನ ಹೆಸರು. ಮನುಷ್ಯರ ಸಹವಾಸವೇ ಬೇಡವೆಂದು ಕಾಡು ಸೇರಿದ ಒಂದು ಗಂಡು ಮತ್ತು ಒಂದು ಹೆಣ್ಣಿನ ಕೈಗೆ ಕಾಯಿಲೆಯ ಮಗುವೊಂದು ಬರುತ್ತದೆ.

ಅಲ್ಲಿ ನಮ್ಮ ಗಡಿನಾಡಿನ ಹಳೆಯ ತೊಡಕು ಎದುರಾಯಿತು. ಹುಡುಗಿಗೆ ಮಲಯಾಳಂ ಮಾತಾಡಲು ಸಲೀಸು, ಓದಲು ಮಾತ್ರ ಬಾರದು. ಗೆಳತಿಯೊಬ್ಬಳು ಬಸ್ಸಿನಲ್ಲಿ ಅಧ್ಯಾಯ ಅಧ್ಯಾಯವಾಗಿ ಓದಿ ಹೇಳಿದಳಂತೆ. ನನ್ನ ಖಚಿತವಾದ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ: 1956ರ ನವೆಂಬರ್ 1ರಂದು ನಮ್ಮನ್ನು ಕೇಳದೆ ಕೇರಳಕ್ಕೆ ಸೇರಿಸಿ ಗೆರೆ ಎಳೆದರೆಂಬ ನೋವು ನನಗೂ ಉಂಟು, ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರುವ ಭಾಗ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ವರದಿಯನ್ನು ನಾನೂ ತರಗತಿಯಲ್ಲಿ ಆವೇಶದಿಂದ ವಿವರಿಸಿದವನೇ; ಆದರೆ ಆ ನೋವಿಗಾಗಿ ಒಂದು ಲಿಪಿಯನ್ನು ಕಲಿಯದೆ ಬಿಟ್ಟರೆ ನಷ್ಟ ಓದುಗನಿಗೇ. ಮಾತು ಬರುವವರಿಗೆ ಮಲಯಾಳಂ ಅಕ್ಷರ ಕೂಡಿಬರಲು ಒಂದೆರಡು ತಿಂಗಳು ಸಾಕು. ಎರಡು ಭಾಷೆಯ ಕಪಾಟುಗಳು ಎದುರುಬದುರಾಗಿರುವ ಗ್ರಂಥಾಲಯ ಬೆಂಗಳೂರಿನ ಓದುಗರಿಗೆ ಅಷ್ಟು ಸುಲಭದಲ್ಲಿ ಸಿಗುವುದಿಲ್ಲ.

ಆ ಎದುರುಬದುರು ಕಪಾಟುಗಳಿಂದ ನಾನು ಅನೇಕರಿಗೆ ಕೊಟ್ಟ ಒಂದು ಜೋಡಿಯ ಬಗ್ಗೆ ಹೇಳಬೇಕು. ಒ. ಚಂದುಮೇನೋನರ ಮಲಯಾಳಂ ಕಾದಂಬರಿ 'ಇಂದುಲೇಖಾ' 1889ರದ್ದು; ಮಂಗಳೂರಿನ ಗುಲ್ವಾಡಿ ವೆಂಕಟರಾಯರ ಕನ್ನಡ ಕಾದಂಬರಿ 'ಇಂದಿರಾಬಾಯಿ' 1899ರದ್ದು. ಸರಿಯಾಗಿ ಹತ್ತು ವರ್ಷದ ಅಂತರದಲ್ಲಿ ಒಂದೇ ಕರಾವಳಿಯ ಎರಡು ಭಾಷೆಗಳು ಓದು ಕಲಿತ ಹೆಣ್ಣು ತನ್ನ ಮದುವೆಯನ್ನು ತಾನೇ ತೀರ್ಮಾನಿಸಬಹುದೇ ಎಂದು ಕೇಳಿವೆ. ಎರಡನ್ನೂ ಓದಿದವರಿಗೆ ಹೆಚ್ಚಾಗಿ ಹುಟ್ಟುವ ಪ್ರಶ್ನೆ, 'ಇಂದುಲೇಖಾ'ದಲ್ಲಿ ಬರುವ 'ಸಂಬಂಧ' ಎಂಬ ನಾಯರ್ ಸಮುದಾಯದ ಕೂಡಿಕೆಯ ಪದ್ಧತಿಯನ್ನು ಕಾನೂನು ಹೇಗೆ ಕಂಡಿತ್ತು ಎಂಬುದು. ಆಗ ಚರಿತ್ರೆಯ ಕಪಾಟಿಗೆ ಹೋಗಲೇಬೇಕು. ಹೋದರೆ ಅಲ್ಲಿ ಮತ್ತೆ ಚಂದುಮೇನೋನರೇ ಸಿಗುತ್ತಾರೆ, 1891ರ ಮಲಬಾರ್ ವಿವಾಹ ಆಯೋಗದ ಸದಸ್ಯರಾಗಿ, ಉಳಿದವರ ಅಭಿಪ್ರಾಯವನ್ನು ಒಪ್ಪದೆ ತಮ್ಮ ಭಿನ್ನಮತವನ್ನು ಬರೆದವರಾಗಿ. ಕಾದಂಬರಿಯಲ್ಲಿ ಒಂದು ರೀತಿ ಮಾತಾಡಿದ ಮನುಷ್ಯ ಆಯೋಗದ ಮುಂದೆ ಇನ್ನೊಂದು ರೀತಿ ಮಾತಾಡಿದನೇ ಎಂಬ ಚರ್ಚೆ ನಮ್ಮಲ್ಲಿ ಒಂದು ಸಂಜೆ ದೀಪ ಆರಿಸುವವರೆಗೂ ನಡೆದಿತ್ತು.

ಕಪಾಟುಗಳ ಮೇಲಿನ ಚೀಟಿಗಳನ್ನು ಮಾತ್ರ ಅತಿಯಾಗಿ ನಂಬಬಾರದು. ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ನಮ್ಮಲ್ಲಿ ವಿಜ್ಞಾನದ ಕಪಾಟಿನಲ್ಲಿದೆ. ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟದ ಕಾಡು ಸುತ್ತಿದ ಪುಸ್ತಕವಾದ್ದರಿಂದ ಅದು ತಪ್ಪೂ ಅಲ್ಲ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಓದುವವರು ಗಿಡದ ಹೆಸರಿಗಿಂತ ಮೊದಲು ಹುಡುಗರ ತಮಾಷೆಗೆ ನಗುತ್ತಾರೆ. ಆದರೂ ವಿಜ್ಞಾನ ಎಂಬ ಚೀಟಿಗೆ ಹೆದರಿ ಎಷ್ಟು ಮಂದಿ ಅದನ್ನು ದಾಟಿಹೋದರೋ! ನಮ್ಮಲ್ಲಿ 'ಇತರ' ಎಂಬ ಕಪಾಟೊಂದಿದೆ. ಎಲ್ಲಿ ಇಡುವುದೆಂದು ತಿಳಿಯದ ಪುಸ್ತಕಗಳೆಲ್ಲ ಅಲ್ಲಿ ಸೇರಿ, ಮಳೆಗಾಲದಲ್ಲಿ ಮೊದಲು ಬೂಸ್ಟು ಹಿಡಿಯುವುದೂ ಅವಕ್ಕೇ. ಗ್ರಂಥಾಲಯದ ಅತ್ಯಂತ ಶ್ರೀಮಂತ ಮೂಲೆ ಅದು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಪ್ರಶಸ್ತಿಯನ್ನು ನೋಡಿ ಆರಿಸುವವರಿಗೂ ಒಂದು ಮಾತು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದ ವಾರ, ಗ್ರಂಥಾಲಯದ ಮೆಟ್ಟಿಲು ಹತ್ತದವರೂ ಬಂದು 'ಹಾರ್ಟ್ ಲ್ಯಾಂಪ್' ಕೊಡಿ ಎಂದರು. ಅದು ದೀಪಾ ಭಾಸ್ತಿಯವರು ಆರಿಸಿ ಇಂಗ್ಲಿಷಿಗೆ ತಂದ ಹನ್ನೆರಡು ಕಥೆಗಳ ಸಂಕಲನ. ಕನ್ನಡದಲ್ಲಿ ಆ ಕಥೆಗಳು ಹಲವು ವರ್ಷಗಳ ಬೇರೆಬೇರೆ ಸಂಕಲನಗಳಲ್ಲಿ ಮೊದಲೇ ಇದ್ದವು ಎಂದು ವಿವರಿಸಿ, ಇದ್ದದ್ದನ್ನು ತೆಗೆದುಕೊಟ್ಟೆ. ಓದಿ ಮೆಚ್ಚಿದ ಒಬ್ಬರು ಮುಂದಿನದ್ದನ್ನು ಕೇಳಿದಾಗ ನಮ್ಮ ಕಾಸರಗೋಡಿನಲ್ಲೇ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕೊಟ್ಟೆ. ಪ್ರಶಸ್ತಿ ಬಾಗಿಲವರೆಗೆ ಕರೆತರುತ್ತದೆ, ಅಷ್ಟು ಉಪಕಾರಕ್ಕೆ ಋಣಿಯಾಗಿರೋಣ.

ಇನ್ನು, ಕೈಗೆತ್ತಿಕೊಂಡ ಪುಸ್ತಕವನ್ನು ಪರೀಕ್ಷಿಸುವುದು ಹೇಗೆಂದು ಕೇಳುವವರಿಗೆ ನನ್ನಲ್ಲಿ ದೊಡ್ಡ ವಿದ್ಯೆಯೇನಿಲ್ಲ. ಕಥನವಲ್ಲದ್ದಾದರೆ ಮೊದಲು ಮುದ್ರಣದ ವರ್ಷ ನೋಡುತ್ತೇನೆ; ಆರೋಗ್ಯ ಮತ್ತು ಕಾನೂನಿನ ಪುಸ್ತಕ ಹಳತಾದರೆ ಅಪಾಯ, ಇತಿಹಾಸ ಮತ್ತು ಪ್ರವಾಸದ್ದು ಹಳತಾದಷ್ಟೂ ರುಚಿ. ಕಾದಂಬರಿಯಾದರೆ ಬೆನ್ನುಡಿಯನ್ನು ಓದದೆ ನಡುವಿನ ಒಂದು ಪುಟವನ್ನು ನಿಂತಲ್ಲೇ ಓದುತ್ತೇನೆ. ಅನುವಾದವಾದರೆ ಒಂದು ಸಂಭಾಷಣೆಯನ್ನು ತುಟಿಯಲ್ಲಿ ಹೇಳಿ ನೋಡುತ್ತೇನೆ. ನಮ್ಮಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲವೆಂದು ಕಂಡರೆ ಮರಳಿ ಇಡುತ್ತೇನೆ. ಐವತ್ತು ಪುಟ ಓದಿಯೂ ಹಿಡಿಯದ ಪುಸ್ತಕವನ್ನು ಮುಚ್ಚಿ ತಂದುಕೊಡಲು ನಾಚಿಕೊಳ್ಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಎಲೆಗೆ ಬಡಿಸಿದ್ದನ್ನೆಲ್ಲ ಉಣ್ಣಬೇಕೆಂಬ ನಿಯಮ ಊಟಕ್ಕೆ ಸರಿ.

ಆ ಕೃಷಿಕರು ಆತ್ಮಕಥೆಯನ್ನು ಮರಳಿಸಿದ್ದು ದೀಪಾವಳಿ ಕಳೆದು, ಅಡಿಕೆ ಅಂಗಳಕ್ಕೆ ಬೀಳುವ ಹೊತ್ತಿಗೆ. ಏನು ಉಳಿಯಿತು ಎಂದು ನಾನು ಕೇಳುವ ಮೊದಲೇ, "ಇವರದ್ದೇ ಇನ್ನೊಂದು ಕಾದಂಬರಿ ಉಂಟಾ?" ಎಂದರು. 'ಮರಳಿ ಮಣ್ಣಿಗೆ'ಯನ್ನು ಇಳಿಸಿ ಧೂಳು ಒರಸಿದೆ. ದಪ್ಪ ಪುಸ್ತಕ, ಒಂದು ಮನೆಯ ಮೂರು ತಲೆಮಾರಿನ ಕಥೆ ಎಂದೆ. ಅವರು ಅದನ್ನು ಕೈಯಲ್ಲಿ ತೂಗಿ ನೋಡಿದರು.

"ಇದರಲ್ಲಾದರೂ ಮಗ ಬರ್ತಾನಾ?"

"ಮಗನನ್ನು ನಂಬಿ ಫಲವಿಲ್ಲ. ಮೊಮ್ಮಗ ಬರ್ತಾನೆ" ಎಂದೆ.

ರಿಜಿಸ್ಟರನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಸಹಿ ಹಾಕಿದರು. ಮರಳಿಸುವ ದಿನಾಂಕದ ಮೊಹರನ್ನು ನಾನು ಆ ಸಲ ಒತ್ತಲಿಲ್ಲ.